ಬೆಳಗ್ಗೆ ಹೊಳೆಯಲ್ಲಿ ನೀರುನಾಯಿ ಕಂಡರೆ ಏನು ಅರ್ಥ?

ಸ್ವರ್ಣಾತೀರ:

ಕಲ್ಯಾಣಪುರದ ಹತ್ತಿರ, ಸ್ವರ್ಣಾ ಹೊಳೆಯ ಬದಿಯಲ್ಲಿ ನಮ್ಮ ದೊಡ್ಡಮ್ಮನ ಮನೆ. ಮೊನ್ನೆ ಭಾನುವಾರ ಬೆಳಗ್ಗೆ ಆರೂವರೆಗೆ ಚಹಾ ಲೋಟ ಹಿಡಿದು ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ಕೂತಿದ್ದೆ. ಎದುರಿನ ಕುದ್ರುವಿನ, ಅಂದರೆ ಹೊಳೆ ನಡುವಿನ ದ್ವೀಪದ, ಅಂಚಿನಲ್ಲಿ ನೀರು ಕಲಕಿತು. ಮೊದಲು ಒಂದು ತಲೆ ಕಂಡಿತು. ಆಮೇಲೆ ಇನ್ನೆರಡು. ನೀರುನಾಯಿ! ಒಂದು ಮೀನು ಕಚ್ಚಿಕೊಂಡು ಕೆಸರಿಗೆ ಹತ್ತಿತು. ಉಳಿದೆರಡು ಒಂದರ ಮೇಲೊಂದು ಬಿದ್ದು ಹೊರಳಾಡಿದವು. ಮೊಬೈಲ್ ತರಲು ಒಳಗೆ ಓಡಿದೆ, ಬರುವಾಗ ಒಂದೂ ಇಲ್ಲ.

ದೊಡ್ಡಮ್ಮನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಬಲಕ್ಕೆ ಹೋದವಾ, ಎಡಕ್ಕಾ?" ನಾನು ನೋಡಿರಲಿಲ್ಲ. "ಯಾಕೆ ದೊಡ್ಡಮ್ಮ, ಶಕುನವಾ?" ಅಂದರೆ "ಸುಮ್ನೆ ಕೇಳಿದೆ" ಅಂತ ದೋಸೆ ಹೊಯ್ಯಲು ಹೋದರು.

ನೆಟ್‌ನಲ್ಲಿ ಹುಡುಕಿದೆ. ನೀರುನಾಯಿ ಕಂಡರೆ ಅದು ನಿಮ್ಮ ಆತ್ಮದ ಪ್ರಾಣಿಯಂತೆ. ಚಿಂತೆ ಬಿಡಿ, ಮಗುವಿನ ಹಾಗೆ ಆಡಿ ಅಂತ ಹೇಳಲು ಬಂದಿದೆಯಂತೆ. ಇದೆಲ್ಲ ಬೇರೆ ಯಾರದೋ ಊರಿನ ಮಾತು ಅನಿಸಿತು. ನಮ್ಮಲ್ಲಿ ಹಂದಿಗೆ ಪಂಜುರ್ಲಿ ದೈವ ಉಂಟು, ಹುಲಿಗೆ ಪಿಲಿಚಾಮುಂಡಿ ದೈವ ಉಂಟು, ಹಾವಿಗೆ ನಾಗಬನ ಉಂಟು. ನೀರುನಾಯಿಗೆ ಏನುಂಟು? ನಿಮ್ಮ ಮನೆಯಲ್ಲಿ ಹಿರಿಯರು ಏನಾದರೂ ಹೇಳುತ್ತಿದ್ದರೆ ಬರೆಯಿರಿ.

ಬಂದರುಬಾಯ್:

ಅರ್ಥ ಇಷ್ಟೇ ಮಾರಾಯ್ರೆ. ಹೊಳೆಯಲ್ಲಿ ಮೀನುಂಟು. ನನಗೆ ಎರಡು ಕಿಲೋ ಕಾಣೆ ಮೀನು ಕಳಿಸಿ.

ಉಡುಪಿ ಮಾಷ್ಟ್ರು:

ಬಂದರುಬಾಯ್ ತಮಾಷೆಗೆ ಹೇಳಿದ್ದೇ ಹಳೆಯ ಕಥೆಗಳಲ್ಲಿಯೂ ಇದೆ. ಬೌದ್ಧರ ಜಾತಕ ಕಥೆಗಳಲ್ಲಿ ನೀರುನಾಯಿ ಬರುವುದೇ ಮೀನಿನ ಜೊತೆಗೆ.

ಚಂದ್ರನಲ್ಲಿ ಮೊಲ ಹೇಗೆ ಬಂತು ಅನ್ನುವ ಕಥೆ ಎಲ್ಲರಿಗೂ ಗೊತ್ತಲ್ವಾ? ಶಶ ಜಾತಕ. ಆ ಮೊಲಕ್ಕೆ ಮೂವರು ಗೆಳೆಯರು: ಮಂಗ, ನರಿ, ನೀರುನಾಯಿ. ಉಪವಾಸದ ದಿನ ಬೇಡಿ ಬಂದವರಿಗೆ ಕೊಟ್ಟೇ ಉಣ್ಣಬೇಕು ಅಂತ ನಾಲ್ವರೂ ತೀರ್ಮಾನ ಮಾಡುತ್ತಾರೆ. ಒಬ್ಬ ಬೆಸ್ತ ಏಳು ಕೆಂಪು ಮೀನು ಹಿಡಿದು, ಬಳ್ಳಿಗೆ ಪೋಣಿಸಿ, ಗಂಗೆಯ ದಡದ ಮರಳಿನಲ್ಲಿ ಹೂತಿಟ್ಟು ಕೆಳಗಡೆ ಹೋಗಿರುತ್ತಾನೆ. ನೀರುನಾಯಿಗೆ ವಾಸನೆ ಬಡಿಯುತ್ತದೆ. ಅಗೆದು ತೆಗೆಯುತ್ತದೆ. ಆಮೇಲೆ "ಇದು ಯಾರದ್ದು?" ಅಂತ ಮೂರು ಸಲ ಕೂಗುತ್ತದೆ! ಯಾರೂ ಓಗೊಡುವುದಿಲ್ಲ. ಸರಿ, ನನ್ನದೇ ಅಂತ ಮನೆಗೆ ಒಯ್ಯುತ್ತದೆ. ಒಯ್ದು, ತಾನೆಷ್ಟು ಶೀಲವಂತ ಅಂತ ಯೋಚಿಸುತ್ತಾ ಮಲಗುತ್ತದೆ. ತನ್ನ ಮೈಯನ್ನೇ ಕೊಡುವ ಮೊಲದ ತ್ಯಾಗಕ್ಕಿಂತ ನನಗೆ ಈ ಮೂರು ಕೂಗೇ ಜಾಸ್ತಿ ಇಷ್ಟ. ನಾವೆಲ್ಲ ಮಾಡುವ ಕೆಲಸ ಅದು. ರಸ್ತೆಯಲ್ಲಿ ನೂರು ರೂಪಾಯಿ ಸಿಕ್ಕಿದರೆ ಹೇಗೆ ಕೂಗುತ್ತೇವೆ ಅಂತ ನೆನಪಿಸಿಕೊಳ್ಳಿ.

ಇನ್ನೊಂದು ದಬ್ಭಪುಪ್ಫ ಜಾತಕ. ಎರಡು ನೀರುನಾಯಿ ಸೇರಿ ದೊಡ್ಡ ರೋಹು ಮೀನು ಎಳೆದು ಹಾಕುತ್ತವೆ. ಪಾಲು ಮಾಡುವಾಗ ಜಗಳ. ನ್ಯಾಯ ಹೇಳಲು ನರಿ ಬರುತ್ತದೆ. ಒಬ್ಬನಿಗೆ ಬಾಲ, ಒಬ್ಬನಿಗೆ ತಲೆ, ನಡುವಿನ ತುಂಡು ನ್ಯಾಯಾಧೀಶರಿಗೆ. ಕೋರ್ಟು ಮೆಟ್ಟಿಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ಸಂಸ್ಕೃತದಲ್ಲಿ ಇದು ಉದ್ರ. ಉದಕ ಅನ್ನುತ್ತೇವಲ್ಲ, ಅದೇ ಬೇರು. ಇಂಗ್ಲಿಷಿನ ಆಟರ್ ಕೂಡ ಅದೇ ಬೇರಿನದ್ದು. ಹಿಂದಿಯವರು ಊದ್‌ಬಿಲಾವ್ ಅಂದರು, ಅಂದರೆ ನೀರಿನ ಬೆಕ್ಕು. ಮರಾಠಿಯಲ್ಲೂ ಪಾಣಮಾಂಜರ, ಬೆಕ್ಕೇ. ತೆಂಕಣದವರು ಮಾತ್ರ ಇದನ್ನು ನಾಯಿ ಅಂದೆವು. ಕನ್ನಡದಲ್ಲಿ ನೀರುನಾಯಿ, ತಮಿಳು ಮಲಯಾಳದಲ್ಲೂ ಅದೇ, ತೆಲುಗಿನಲ್ಲಿ ನೀಟಿಕುಕ್ಕ. ತಮಿಳಿನ ಹಳೆಯ ಕವಿತೆಗಳ ಸಂಕಲನ ಕುರುಂತೊಗೈಯಲ್ಲಿಯೇ ವಾಳೆ ಮೀನು ಹಿಡಿಯುವ ನೀರ್‌ನಾಯ್ ಬರುತ್ತದೆ. ಸಂಗಂ ಕಾಲದಿಂದ ಹೆಸರು ಬದಲಾಗಿಲ್ಲ.

ಗಾಲ್ವೇ ನರ್ಸ್:

ಮಾಷ್ಟ್ರೇ, ತೆಂಕಣದವರು ಮಾತ್ರ ಅಲ್ಲ! ನಾನು ಬಜ್ಪೆಯವಳು, ಈಗ ಐರ್ಲೆಂಡಿನಲ್ಲಿ ನರ್ಸ್. ಇಲ್ಲಿಯ ಐರಿಷ್ ಭಾಷೆಯಲ್ಲಿ ನೀರುನಾಯಿಗೆ ಮದ್ರಾ ಇಷ್ಕೆ ಅನ್ನುತ್ತಾರೆ. ಮದ್ರಾ ಅಂದರೆ ನಾಯಿ, ಇಷ್ಕೆ ಅಂದರೆ ನೀರು. ವಾರ್ಡಿನಲ್ಲಿ ಒಬ್ಬ ಅಜ್ಜ ಹೇಳಿದಾಗ ನನಗೆ ರೋಮಾಂಚನ ಆಯಿತು. "ನಮ್ಮ ಊರಲ್ಲೂ ಇದೇ ಹೆಸರು" ಅಂದರೆ ಅವರು ನಂಬಲಿಲ್ಲ.

ಇನ್ನೊಂದು ಹೆಸರು ದೋವರ್‌ಖೂ. ಅದಕ್ಕೂ ನೀರಿನ ನಾಯಿ ಅಂತಲೇ ಅರ್ಥ, ಆದರೆ ಕಥೆಯಲ್ಲಿ ಅದು ರಾಕ್ಷಸ. ಲೀಟ್ರಿಮ್ ಜಿಲ್ಲೆಯ ಗ್ಲೆನೇಡ್ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸನ್ನು ಅದು ಕೊಂದಿತಂತೆ. ಗಂಡ ಬಂದು ಕತ್ತಿಯಿಂದ ಇರಿದ. ಸಾಯುವಾಗ ಅದು ಸಿಳ್ಳೆ ಹಾಕಿತು. ಕೆರೆಯಿಂದ ಅದರ ಜೋಡಿ ಎದ್ದು ಬಂದು ಅವನನ್ನು ಅಟ್ಟಿಸಿಕೊಂಡು ಹೋಯಿತು. ಆ ಹೆಂಗಸಿನದ್ದು ಅನ್ನುವ ಸಮಾಧಿ ಕಲ್ಲು ಈಗಲೂ ಉಂಟು. 1722ನೇ ಇಸವಿಯದ್ದು. ಕಲ್ಲಿನ ಮೇಲೆ ಆ ಪ್ರಾಣಿ, ಅದರ ಮೈಗೆ ಇರಿದ ಆಯುಧ, ಆಯುಧ ಹಿಡಿದ ಕೈ.

ಇದೇ ದೇಶದಲ್ಲಿ ಸಂತ ಕೆವಿನ್ ಕಥೆಯೂ ಉಂಟು. ಅವರ ಕೀರ್ತನೆಯ ಪುಸ್ತಕ ಕೆರೆಗೆ ಬಿದ್ದಾಗ ನೀರುನಾಯಿ ತಂದುಕೊಟ್ಟಿತು. ಅಕ್ಷರ ಕೂಡ ಕರಗಿರಲಿಲ್ಲ. ಅದೇ ನೀರುನಾಯಿ ಮಠಕ್ಕೆ ದಿನಾ ಸಾಲ್ಮನ್ ಮೀನು ತರುತ್ತಿತ್ತು. ಒಬ್ಬ ಸನ್ಯಾಸಿ, ಇದರ ಚರ್ಮದಲ್ಲಿ ಒಳ್ಳೆ ಕೈಗವಸು ಆಗುತ್ತದೆ ಅಂತ ಮನಸ್ಸಿನಲ್ಲಿ ಅಂದುಕೊಂಡ. ಬಾಯಿ ಬಿಟ್ಟು ಹೇಳಲೂ ಇಲ್ಲ. ಅಂದಿನಿಂದ ಮೀನು ಬಂದ್.

ಇಂಗ್ಲೆಂಡಿನ ಸಂತ ಕತ್‌ಬರ್ಟ್ ರಾತ್ರಿಯಿಡೀ ಕುತ್ತಿಗೆವರೆಗೆ ಸಮುದ್ರದಲ್ಲಿ ನಿಂತು ಪ್ರಾರ್ಥನೆ ಮಾಡುತ್ತಿದ್ದರು. ಬೆಳಗ್ಗೆ ದಡಕ್ಕೆ ಬಂದಾಗ ಎರಡು ನೀರುನಾಯಿ ಬಂದು ಅವರ ಕಾಲಿಗೆ ಉಸಿರು ಬಿಟ್ಟು ಬೆಚ್ಚಗೆ ಮಾಡಿ, ತಮ್ಮ ಮೈಯಿಂದ ಒರೆಸಿದವು. ಕದ್ದು ನೋಡುತ್ತಿದ್ದ ಒಬ್ಬ ಸನ್ಯಾಸಿಯಿಂದ ಈ ಸಂಗತಿ ಹೊರಗೆ ಬಂತು. ಬೀಡ್ ಅನ್ನುವ ಪಾದ್ರಿ ಎಂಟನೇ ಶತಮಾನದಲ್ಲಿ ಬರೆದಿಟ್ಟಿದ್ದಾರೆ.

ಬೀಸುಬಲೆ:

ಎಲ್ಲ ಚಂದ ಉಂಟು. ಕಾಲು ಒರೆಸುತ್ತದಂತೆ! ನಮ್ಮ ಬಲೆ ಒಮ್ಮೆ ಬಂದು ನೋಡಲಿ.

ನಾನು ಕೋಡಿ ಬೆಂಗ್ರೆ ಕಡೆಯವನು. ಸೀತಾ, ಸ್ವರ್ಣಾ ಎರಡೂ ಕಡಲು ಸೇರುವ ಅಳಿವೆ. ರಾತ್ರಿ ಬಲೆ ಬಿಟ್ಟು ಬೆಳಗ್ಗೆ ಎತ್ತುವಾಗ ತೂತು. ಅದೂ ಒಂದಲ್ಲ. ಬಲೆಯಲ್ಲಿ ಸಿಕ್ಕಿದ ಮೀನಿನ ಹೊಟ್ಟೆ ಭಾಗ ತಿಂದು ತಲೆ ನಮಗೆ ಬಿಟ್ಟಿರುತ್ತದೆ. ಮಾಷ್ಟ್ರು ಹೇಳಿದ ನರಿ ನ್ಯಾಯದ ಹಾಗೆ, ನಡುವಿನ ತುಂಡು ಅದಕ್ಕೆ. ಬಲೆ ಹೊಲಿಯುತ್ತಾ ಕೂತರೆ ಒಂದು ದಿನದ ಕೆಲಸ ಹೋಯಿತು. ನಮಗೆ ಅದು ಆತ್ಮದ ಪ್ರಾಣಿಯಲ್ಲ, ಹೊಟ್ಟೆಗೆ ಹೊಡೆಯುವ ಪ್ರಾಣಿ.

ಹಾಗಂತ ನಮ್ಮ ಮನೆಯಲ್ಲಿ ಅದಕ್ಕೆ ಕಲ್ಲು ಹೊಡೆದವರಿಲ್ಲ. ಅಮ್ಮ ಬಿಡುತ್ತಿರಲಿಲ್ಲ. ಹರಿದ ಬಲೆ ತೋರಿಸಿ ಅಪ್ಪ ಬೈದರೆ ಅಮ್ಮ ಹೇಳುತ್ತಿದ್ದದ್ದು, "ಅದರ ಪಾಲು ಅದು ತಿಂದಿದೆ, ನೀವೇನು ಮೀನಿಗೆ ಅಕ್ಕಿ ಹಾಕಿ ಸಾಕಿದ್ದೀರಾ?" ಇದು ನಮ್ಮ ಜಾತಿಯ ನಂಬಿಕೆ ಅಂತೆಲ್ಲ ಬರೆದುಕೊಳ್ಳಬೇಡಿ. ನಮ್ಮ ಅಮ್ಮನ ಬಾಯಿ ಮಾತ್ರ. ನಾವು ಕೈ ಮುಗಿಯುವುದು ಕಡಲ ದೈವ ಬೊಬ್ಬರ್ಯನಿಗೆ.

ಕಟೀಲುಕಡೆ:

ನಮ್ಮ ಕಡೆ ನೀರುನಾಯಿ ದೈವ ಉಂಟು ಅಂತ ಕೇಳಿದ್ದೇನೆ. ಹಳೆ ಕಾಲದಲ್ಲಿ ಕೋಲ ಕೂಡ ಆಗುತ್ತಿತ್ತಂತೆ.

ಉಡುಪಿ ಮಾಷ್ಟ್ರು:

ಯಾವ ಸ್ಥಾನ? ಅದರ ಕಥೆ ಹಾಡುವ ಪಾಡ್ದನ ಯಾವುದು? ಯಾರು ವೇಷ ಕಟ್ಟುತ್ತಿದ್ದರು?

ಕಟೀಲುಕಡೆ:

ಭಾವ ಹೇಳಿದ್ದು. ಈಗ ಫೋನ್ ಮಾಡಿದೆ. ಅವರು ಹೇಳಿದ್ದು ನಂದಿಗೋಣ ಅಂತೆ. ನಾನು ಕೇಳಿಸಿಕೊಂಡದ್ದೇ ತಪ್ಪು. ಕ್ಷಮಿಸಿ.

ಬಂದರುಬಾಯ್:

ದೈವ ಹುಟ್ಟಿಸಿ, ಅರ್ಧ ಗಂಟೆಯಲ್ಲಿ ವಾಪಸ್ ಕಳಿಸಿದ ಮೊದಲ ಮನುಷ್ಯ.

ಫೋರ್ಟ್ ಹೋಟೆಲ್:

ನಗಾಡಬೇಡಿ, ಎಲ್ಲರಿಗೂ ಹೀಗೆ ಆಗುತ್ತದೆ.

ನಾನು ಮುಂಬೈ ಫೋರ್ಟಿನಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಹನ್ನೆರಡು ವರ್ಷ ಕೂತವನು. ಇಡ್ಲಿ ತಿನ್ನಲು ಬರುತ್ತಿದ್ದ ಒಬ್ಬ ಪಾರ್ಸಿ ಅಜ್ಜ ಹೇಳಿದ ಮಾತು ಇಲ್ಲಿ ಸೇರಿಸುತ್ತೇನೆ. ಆಮೇಲೆ ಅನುವಾದ ಹುಡುಕಿ ಓದಿ ನೋಡಿದೆ. ಅವರು ಹೇಳಿದ್ದು ಸರಿಯೇ.

ಪಾರ್ಸಿಗಳ ವೆಂದಿದಾದ್ ಅನ್ನುವ ಗ್ರಂಥದಲ್ಲಿ ನಾಯಿಗೆ ದೊಡ್ಡ ಸ್ಥಾನ. ನೀರುನಾಯಿ ಕೂಡ ಅವರ ಲೆಕ್ಕದಲ್ಲಿ ನಾಯಿಯೇ. ಹೆಸರು ಉದ್ರ, ಮಾಷ್ಟ್ರು ಹೇಳಿದ ಸಂಸ್ಕೃತ ಶಬ್ದವೇ. ನಾಯಿ ಸತ್ತ ಮೇಲೆ ಅದರ ಜೀವ ನೀರಿನ ಒರತೆಗೆ ಹೋಗುತ್ತದೆ. ಸಾವಿರ ಗಂಡು ನಾಯಿ, ಸಾವಿರ ಹೆಣ್ಣು ನಾಯಿಯ ಜೀವ ಸೇರಿ ಅಲ್ಲಿ ಒಂದು ಜೋಡಿ ನೀರುನಾಯಿ ಆಗುತ್ತದೆ. ಅಂದರೆ ಒಂದನ್ನು ಕೊಂದರೆ ಎಷ್ಟು ನಾಯಿ ಕೊಂದ ಹಾಗೆ? ಲೆಕ್ಕ ಹಾಕಿ. ಕೊಂದ ಜಾಗದಲ್ಲಿ ಬರಗಾಲ ಬರುತ್ತದೆ, ಹುಲ್ಲು ಕೂಡ ಹುಟ್ಟುವುದಿಲ್ಲ. ಕೊಂದವನಿಗೆ ಶಿಕ್ಷೆ ಆಗುವವರೆಗೆ ಸರಿಯಾಗುವುದಿಲ್ಲ. ಶಿಕ್ಷೆ 10,000 ಛಡಿಯೇಟು. ಜೊತೆಗೆ 10,000 ಹೊರೆ ಸೌದೆ ಅಗ್ನಿಗೆ ಕೊಡಬೇಕು, 10,000 ಹಾವು ಕೊಲ್ಲಬೇಕು, ಪಟ್ಟಿ ಇನ್ನೂ ಉದ್ದ ಉಂಟು. ಹಾವು ಕೊಲ್ಲುವ ಮಾತಿಗೆ ನಾನು "ಅಯ್ಯೋ, ನಮ್ಮಲ್ಲಿ ಆಗದು" ಅಂದೆ. ಅಜ್ಜ ನಕ್ಕು ಕಾಪಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡರು.

ನೀರು ಬತ್ತಿದ ದೇಶದವರಿಗೆ ನೀರುನಾಯಿ ಅಂದರೆ ನೀರಿನ ಗುರುತು. ಅದಿದ್ದರೆ ಒರತೆ ಉಂಟು ಅಂತ. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಸುರಿಯುವ ನಮಗೆ ಅಷ್ಟು ಹೆದರಿಕೆ ಎಲ್ಲಿಂದ ಬರಬೇಕು? ನಮ್ಮಲ್ಲಿ ಕಥೆ ಕಡಿಮೆ ಇರಲು ಅದೂ ಒಂದು ಕಾರಣ ಅಂತ ನನ್ನ ಅಂದಾಜು.

ಕಾಂಡ್ಲಾಕಾಡು:

ತಡವಾಗಿ ಬಂದೆ. ನಾನು ಹೊಳೆ ಬದಿ ಹಕ್ಕಿ ನೋಡುತ್ತಾ ತಿರುಗುವವನು. ಕಥೆಯ ಹಿಂದಿನ ಪ್ರಾಣಿಯ ಬಗ್ಗೆ ನಾಲ್ಕು ಮಾತು.

ನಮ್ಮ ಜಿಲ್ಲೆಗಳ ಹೊಳೆ, ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಗುಂಪಾಗಿ ಕಾಣುವುದು ನುಣುಪು ಕೂದಲಿನ ನೀರುನಾಯಿ. 7ರಿಂದ 11 ಕಿಲೋ ತೂಗುತ್ತದೆ, ಬಾಲ ಚಪ್ಪಟೆ. ಘಟ್ಟದ ಮೇಲೆ, ಕುದುರೆಮುಖದ ಕಡೆಯ ತೊರೆಗಳಲ್ಲಿ ಇರುವುದು ಸಣ್ಣುಗುರಿನ ನೀರುನಾಯಿ. ಅದು ಲೋಕದಲ್ಲೇ ಅತಿ ಚಿಕ್ಕ ಜಾತಿ. ಕಲ್ಲಿನ ಸಂದಿಗೆ ಬೆರಳು ಹಾಕಿ ಏಡಿ ತೆಗೆಯುತ್ತದೆ, ನಮ್ಮ ಅಜ್ಜಿಯಂದಿರು ಡಬ್ಬಿಯ ತಳದಿಂದ ಉಪ್ಪಿನಕಾಯಿ ಹೋಳು ತೆಗೆದ ಹಾಗೆ.

ಕೈ ಕೈ ಹಿಡಿದು ಮಲಗುವ ನೀರುನಾಯಿಯ ಫೋಟೋ ಎಲ್ಲರಿಗೂ ಬಂದಿರುತ್ತದೆ. ಅದು ಕಡಲ ನೀರುನಾಯಿ, ಶಾಂತ ಸಾಗರದ್ದು. ನಮ್ಮ ಕಡಲಲ್ಲಿ ಇಲ್ಲ. ನೆಟ್‌ನಲ್ಲಿ ಬರುವ "ಪ್ರೀತಿಯ ಸಂಕೇತ" ಬಹುಪಾಲು ಆ ಫೋಟೋದಿಂದ ಹುಟ್ಟಿದ್ದು.

ಬೀಸುಬಲೆಯವರ ಸಿಟ್ಟು ನ್ಯಾಯವಾದದ್ದೇ. ಆದರೆ ಬಾಂಗ್ಲಾದೇಶದ ನರೈಲ್ ಕಡೆಯ ಬೆಸ್ತರು ಇದೇ ಜಾತಿಯನ್ನು ಸಾಕಿ, ದೋಣಿಗೆ ಹಗ್ಗ ಕಟ್ಟಿ ನೀರಿಗೆ ಬಿಡುತ್ತಾರೆ. ಅವು ಮೀನು ಹಿಡಿದು ತರುವುದಿಲ್ಲ. ಗಿಡದ ಬೇರುಗಳಿಂದ ಮೀನನ್ನು ಬೆದರಿಸಿ ಬಲೆಗೆ ಓಡಿಸುತ್ತವೆ. ಅಲ್ಲಿ ಅದು ನಿಜವಾಗಿ ನಾಯಿಯ ಕೆಲಸ ಮಾಡುತ್ತದೆ. ಈಗ ಆ ಕಸುಬು ಕಡಿಮೆಯಾಗುತ್ತಾ ಬಂದಿದೆ.

ಕೊಡಿಯಾಲಬೈಲು 2:

ಅರ್ಧ ತಿಂದು ಬಿಡುವ ಮಾತು ಬಂತಲ್ಲ, ಅದರಿಂದಲೇ ಚೀನಾದವರು ಒಂದು ಹಬ್ಬದ ಕಥೆ ಮಾಡಿದ್ದಾರೆ. ನೀರುನಾಯಿ ಮೀನು ಹಿಡಿದು ದಡದಲ್ಲಿ ಸಾಲಾಗಿ ಇಡುತ್ತದೆ, ಹಾಗೆ ಇಡುವುದು ಪಿತೃಗಳಿಗೆ ಎಡೆ ಇಟ್ಟ ಹಾಗೆ ಅಂತ ಅವರು ಕಂಡರು. ಅವರ ಹಳೆ ಪಂಚಾಂಗದಲ್ಲಿ ವರ್ಷಕ್ಕೆ 72 ಪುಟ್ಟ ಋತುಗಳು. ಅದರಲ್ಲಿ ಒಂದರ ಹೆಸರೇ "ನೀರುನಾಯಿ ಮೀನಿನ ಎಡೆ ಇಡುತ್ತದೆ". ಮಂಜು ಕರಗುವ ಕಾಲಕ್ಕೆ ಬರುತ್ತದೆ. ಪ್ರಾಣಿಗೇ ಪಿತೃಭಕ್ತಿ ಇದ್ದರೆ ಮನುಷ್ಯನಿಗೆ ಬೇಡವಾ ಅಂತ ಅದರ ಧ್ವನಿ.

ಆಮೇಲೆ ಪುಸ್ತಕಗಳನ್ನು ಸುತ್ತ ಹರಡಿಕೊಂಡು ಬರೆಯುವ ಕವಿಗೂ ಅದೇ ಮಾತು ಅಂಟಿತು. ಜಪಾನಿನ ಹೈಕು ಕವಿ ಮಾಸಾಒಕಾ ಶಿಕಿ ತನ್ನ ಮನೆಗೆ ಈ ಹೆಸರೇ ಇಟ್ಟುಕೊಂಡಿದ್ದರು. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು, ಸುತ್ತಲೂ ಪುಸ್ತಕ. 1902ರಲ್ಲಿ ತೀರಿಕೊಂಡರು. ನನ್ನ ಹೆಂಡತಿ ನನ್ನ ಮೇಜು ನೋಡಿ ಬೈಯುವಾಗ ಈ ಕಥೆ ಹೇಳಿ ತಪ್ಪಿಸಿಕೊಳ್ಳುತ್ತೇನೆ.

ಜಪಾನಿನಲ್ಲಿ ಎರಡು ವರ್ಷ ಕೆಲಸದಲ್ಲಿದ್ದೆ. ಅಲ್ಲಿ ನೀರುನಾಯಿಗೆ ಕವಾಉಸೊ ಅನ್ನುತ್ತಾರೆ. ರಾತ್ರಿ ಚಂದದ ಹುಡುಗಿಯ ವೇಷ ಹಾಕಿ ದಾರಿಹೋಕರನ್ನು ಮರುಳು ಮಾಡುತ್ತದೆ. ಮನೆ ಬಾಗಿಲಿಗೆ ಬಂದು ಮನುಷ್ಯರ ದನಿಯಲ್ಲಿ ಮಾತಾಡುತ್ತದೆ, ಯಾರು ಅಂತ ಕೇಳಿದರೆ ಅರ್ಥವಿಲ್ಲದ ಉತ್ತರ ಕೊಡುತ್ತದೆ. ನಮ್ಮ "ನಾಳೆ ಬಾ" ನೆನಪಾಗುತ್ತದೆ ಅಲ್ವಾ? ಬೇಸರದ ಸಂಗತಿ ಏನೆಂದರೆ ಕಥೆ ಉಳಿದಿದೆ, ಪ್ರಾಣಿ ಇಲ್ಲ. ತುಪ್ಪಳಕ್ಕಾಗಿ ಬೇಟೆ, ಹೊಳೆಗೆ ಕಾಂಕ್ರೀಟು. 1979ರಲ್ಲಿ ಕೊನೆಯದಾಗಿ ಕಂಡದ್ದು. 2012ರಲ್ಲಿ ಅಳಿದುಹೋಗಿದೆ ಅಂತ ಸರ್ಕಾರ ಘೋಷಿಸಿತು.

ಚೆಂಡೆಪೆಟ್ಟು:

ವೇಷ ಬದಲಿಸುವ ಮಾತು ಬಂತು, ಯಕ್ಷಗಾನದವನು ಸುಮ್ಮನಿರುವುದು ಹೇಗೆ? ಉತ್ತರ ಯುರೋಪಿನ ಒಂದು ಕಥೆ ಕೇಳಿ. ಓಟರ್ ಅಂತ ಒಬ್ಬ ಹುಡುಗ. ಹಗಲು ನೀರುನಾಯಿ ರೂಪದಲ್ಲಿ ಹೊಳೆಯಲ್ಲಿ ಮೀನು ಹಿಡಿಯುತ್ತಾನೆ. ಲೋಕಿ ಅನ್ನುವ ತರಲೆ ದೇವತೆ ಕಲ್ಲು ಹೊಡೆದು ಕೊಲ್ಲುತ್ತಾನೆ. ಚರ್ಮ ಸುಲಿದು, ಅದೇ ರಾತ್ರಿ ಉಳಿಯಲು ಹೋದದ್ದು ಯಾರ ಮನೆಗೆ? ಹುಡುಗನ ಅಪ್ಪನ ಮನೆಗೆ! ಅಪ್ಪ ದೇವತೆಗಳನ್ನೇ ಕಟ್ಟಿ ಹಾಕುತ್ತಾನೆ. ಚರ್ಮದ ಒಳಗೆ ಚಿನ್ನ ತುಂಬಬೇಕು, ಹೊರಗೂ ಒಂದು ಕೂದಲು ಕಾಣದ ಹಾಗೆ ಮುಚ್ಚಬೇಕು. ಎಲ್ಲ ಮುಚ್ಚಿದ ಮೇಲೆ ಒಂದು ಮೀಸೆ ಕೂದಲು ಹೊರಗೆ. ಅದಕ್ಕೆ ಶಾಪದ ಉಂಗುರವನ್ನೇ ಇಡಬೇಕಾಯಿತು. ಆ ಚಿನ್ನಕ್ಕಾಗಿ ಅಪ್ಪನನ್ನು ಇನ್ನೊಬ್ಬ ಮಗನೇ ಕೊಲ್ಲುತ್ತಾನೆ. ಪ್ರಸಂಗ ಬರೆದರೆ ಬೆಳಗಿನವರೆಗೆ ಆಟ ಆದೀತು. ಲೋಕಿಗೆ ಹಾಸ್ಯಗಾರರೇ ಬೇಕು.

ಪರಿಹಾರ108:

ನೀರುನಾಯಿ ಉಗುರು ತಾಯಿತದಲ್ಲಿ ಹಾಕಿದರೆ ದೃಷ್ಟಿ ತಾಗುವುದಿಲ್ಲ ಅಂತ ಒಬ್ಬರು ಹೇಳಿದರು. ಎಲ್ಲಿ ಸಿಗಬಹುದು?

ಕಾಂಡ್ಲಾಕಾಡು:

ಎಲ್ಲಿಯೂ ಸಿಗಬಾರದು. 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರುವ ಪ್ರಾಣಿ. ಉಗುರು, ಚರ್ಮ, ಎಣ್ಣೆ ಯಾವುದು ಇಟ್ಟುಕೊಂಡರೂ ಅಪರಾಧ. ನಮ್ಮ ಎರಡೂ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2019ರಲ್ಲಿ ನಿಷೇಧ ಬಿದ್ದಿದೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿಯೇ ಮೀಸಲು ಮಾಡಿದ್ದಾರೆ. ನೀವು ಉಗುರು ಹುಡುಕುತ್ತಿದ್ದೀರಿ.

ಬೀಸುಬಲೆ:

ಉಗುರು ಬೇಕಾದರೆ ಬಲೆ ಹೊಲಿಯಲು ಬನ್ನಿ. ನಿಮ್ಮದೇ ಉಗುರು ಕಿತ್ತು ಬರುತ್ತದೆ.

ಗಾಲ್ವೇ ನರ್ಸ್:

ಹಳೆಯ ಕಥೆಗಳಲ್ಲಿ ಚರ್ಮಕ್ಕೂ ಮರ್ಯಾದೆ ಇತ್ತು. ಅಮೆರಿಕದ ಒಜಿಬ್ವೆ ಮೂಲನಿವಾಸಿಗಳಲ್ಲಿ ಮಿದೇವಿವಿನ್ ಅನ್ನುವ ವೈದ್ಯರ ಕೂಟ ಉಂಟು. ಆ ವಿದ್ಯೆಯನ್ನು ಮನುಷ್ಯರಿಗೆ ತಂದುಕೊಟ್ಟದ್ದು ನೀರುನಾಯಿ ಅಂತ ಅವರ ನಂಬಿಕೆ. ಮದ್ದಿನ ಚೀಲವನ್ನು ಇಡೀ ನೀರುನಾಯಿ ಚರ್ಮದಲ್ಲಿ ಮಾಡುತ್ತಿದ್ದರು, ಒಳಗೆ ಕವಡೆ. ಅದನ್ನು ಪಡೆಯಲು ದೀಕ್ಷೆ ಬೇಕಿತ್ತು. ಫೋನಿನಲ್ಲಿ ಆರ್ಡರ್ ಮಾಡುವ ಸಾಮಾನು ಅಲ್ಲ.

ಅಲಾಸ್ಕಾದ ತ್ಲಿಂಗಿತ್ ಜನರ ಕಥೆ ಇದಕ್ಕೆ ತಿರುಗುಮುರುಗು. ನೀರಲ್ಲಿ ಮುಳುಗುತ್ತಿರುವವರನ್ನು ಕುಷ್ಟಕಾ ಅನ್ನುವ ನೀರುನಾಯಿ ಮನುಷ್ಯರು ನೆಂಟರ ರೂಪದಲ್ಲಿ ಬಂದು ಕರೆದೊಯ್ದು ತಮ್ಮಂತೆ ಮಾಡಿಬಿಡುತ್ತಾರೆ. ಅವರನ್ನು ದೂರ ಇಡಲು ತಾಮ್ರ ಬೇಕು, ಇಲ್ಲ ನಾಯಿ ಬೇಕು. ನಮ್ಮ ಅಜ್ಜಿ ಸಂಜೆ ಹೊಳೆಗೆ ಇಳಿದರೆ "ನೀರುನಾಯಿ ಕಾಲು ಹಿಡಿಯುತ್ತದೆ" ಅಂತ ಹೆದರಿಸುತ್ತಿದ್ದರು. ಫಲ್ಗುಣಿ ಹೊಳೆಯ ಸುಳಿ ಅವರಿಗೆ ಗೊತ್ತಿತ್ತು. ಸುಳಿ ಅಂದರೆ ಮಕ್ಕಳು ಹೆದರುವುದಿಲ್ಲ, ಹಲ್ಲಿರುವ ಏನಾದರೂ ಬೇಕು.

ಉಡುಪಿ ಮಾಷ್ಟ್ರು:

ದೊಡ್ಡಮ್ಮನ ಎಡ ಬಲ ನನ್ನ ತಲೆಯಲ್ಲೇ ಕೊರೆಯುತ್ತಿದೆ. ಹಕ್ಕಿ ಶಕುನದಲ್ಲಿ ಎಡ ಬಲ ಉಂಟು, ಹಲ್ಲಿಗೂ ಉಂಟು. ಅಲ್ಲಿ ಒಂದು ಕಡೆ ಪಡುವಣ, ಕಡಲು. ಇನ್ನೊಂದು ಕಡೆ ಮೂಡಣ. ಉಗಮದ ಕಡೆಗೆ ಹೋದರೆ ಒಳ್ಳೆಯದು, ಕಡಲಿಗೆ ಹೋದರೆ ಕೆಟ್ಟದು ಅಂತ ಏನಾದರೂ ಇರಬಹುದಾ? ಸರಿಯಾಗಿ ಕೇಳಿ ನೋಡಿ.

ಸ್ವರ್ಣಾತೀರ:

ಎಲ್ಲರಿಗೂ ಉತ್ತರ ಬರೆಯಲು ಒಂದು ವಾರ ಬೇಕು. ಈ ಭಾನುವಾರ ಮತ್ತೆ ಹೋಗಿದ್ದೆ. ನೀರುನಾಯಿ ಕಾಣಲಿಲ್ಲ. ಮೆಟ್ಟಿಲಿನ ಕೆಳಗಿನ ಕಲ್ಲಿನ ಮೇಲೆ ಹಿಕ್ಕೆ ಮಾತ್ರ ಇತ್ತು. ಪೂರ್ತಿ ಮೀನಿನ ಪೊರೆ, ಏಡಿ ಚಿಪ್ಪಿನ ಚೂರು. ವಾಸನೆ ಮಾತ್ರ ಕೇಳಬೇಡಿ. ಫೋಟೋ ಕಾಂಡ್ಲಾಕಾಡು ಅವರಿಗೆ ಕಳಿಸಿದ್ದೇನೆ.

ಮಾಷ್ಟ್ರೇ, ಕೇಳಿದೆ. ಪಿತೃಗಳು, ದೈವ, ಶಕುನ ಎಲ್ಲ ಬಿಡಿಸಿ ಬಿಡಿಸಿ ಕೇಳಿದೆ. ದೊಡ್ಡಮ್ಮ ಮೀನು ಕತ್ತರಿಸುತ್ತಿದ್ದರು, ತಲೆ ಎತ್ತಲಿಲ್ಲ. "ಎಡಕ್ಕೆ ನಿನ್ನ ಮಾವನ ಸಿಗಡಿ ಕೆರೆ ಉಂಟಲ್ಲ" ಅಂದರು. "ಅಲ್ಲಿಗೆ ಹೋದವಾ ಅಂತ ಕೇಳಿದ್ದು."

"ಹೋಗಿದ್ದರೆ ಏನು ಮಾಡುತ್ತಿದ್ದಿರಿ?"

"ಅವನಿಗೆ ಹೇಳುತ್ತಿರಲಿಲ್ಲ."

ಬೀಸುಬಲೆ:

ನಮ್ಮ ಅಮ್ಮನಿಗೂ ನಿಮ್ಮ ದೊಡ್ಡಮ್ಮನಿಗೂ ಏನಾದರೂ ನೆಂಟಸ್ತಿಕೆ ಉಂಟಾ ಕೇಳಿ ನೋಡಿ.